ಗ್ರೀನ್‌ಸ್ಟೆಡ್ಡಿನ ಮರದ ಇಗರ್ಜಿ

ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಗ್ರೀನ್‌ಸ್ಟೆಡ್ ಒಂದು ಪುಟ್ಟ ಹಳ್ಳಿ. ಅಲ್ಲಿನ ಇಗರ್ಜಿಯ ನಡುಮನೆಗೆ ಕಲ್ಲಿನ ಗೋಡೆಯಿಲ್ಲ. ಓಕ್ ಮರದ ದಿಮ್ಮಿಗಳನ್ನು ಉದ್ದಕ್ಕೆ ಸೀಳಿ, ಉಬ್ಬುಮೈ ಹೊರಗೂ ಚಪ್ಪಟೆಮೈ ಒಳಗೂ ಬರುವಂತೆ ಒತ್ತೊತ್ತಾಗಿ ನಿಲ್ಲಿಸಿದ್ದಾರೆ. 1848ರ ಜೀರ್ಣೋದ್ಧಾರದಲ್ಲಿ ಅವುಗಳ ಕೊಳೆತ ಬುಡಗಳನ್ನು ಕೊಯ್ದು, ಇಟ್ಟಿಗೆಯ ಕಟ್ಟೆಯ ಮೇಲೆ ಕೂರಿಸಿದರು.

ಇದು 845ರದೆಂದು ಹಳೆಯ ಪುಸ್ತಕಗಳಲ್ಲಿ ಓದಿ ನಾನೂ ನಂಬಿದ್ದೆ. 1995ರಲ್ಲಿ ಮರದ ಬೆಳವಣಿಗೆಯ ಬಳೆಗಳನ್ನು ಪರೀಕ್ಷಿಸಿದವರು ಆ ಕಾಲವನ್ನು ಎರಡು ಶತಮಾನ ಈಚೆಗೆ, 1060ರ ಸುಮಾರಿಗೆ ತಂದುಬಿಟ್ಟರು. ಕ್ಷಣಕಾಲ ಪೆಚ್ಚಾದೆನೆಂದರೆ ಸುಳ್ಳಲ್ಲ!

ಆದರೆ ಈಗ ನನ್ನನ್ನು ಸೆಳೆಯುವುದು ಗೋಡೆಯ ವಯಸ್ಸಲ್ಲ, 1839ರಲ್ಲಿ ಅಲ್ಲಿ ನಡೆದ ಒಂದು ಮದುವೆ. ಕೂಲಿ ಇಳಿಸುತ್ತಿದ್ದ ಧಣಿಗಳೆದುರು ಸಂಘ ಕಟ್ಟಿ ಗುಟ್ಟಾಗಿ ಪ್ರತಿಜ್ಞೆ ಮಾಡಿದರೆಂದು, 1834ರಲ್ಲಿ ಡಾರ್ಸೆಟ್ಟಿನ ಟಾಲ್‌ಪಡ್ಲ್ ಹಳ್ಳಿಯ ಆರು ಮಂದಿ ಹೊಲಗೆಲಸದ ಆಳುಗಳಿಗೆ ಏಳು ವರ್ಷಗಳ ಗಡೀಪಾರು ಶಿಕ್ಷೆಯಾಗಿತ್ತು. ಆಸ್ಟ್ರೇಲಿಯಕ್ಕೆ ಹೋದವರು ಜನರ ಕೂಗಿನಿಂದ ಕ್ಷಮೆ ಪಡೆದು ಮರಳಿದಾಗ, ಕೆಲವರಿಗೆ ಗ್ರೀನ್‌ಸ್ಟೆಡ್ಡಿನಲ್ಲಿ ಸಾಗುವಳಿಗೆ ನೆಲ ದೊರೆಯಿತು. ಅವರಲ್ಲೊಬ್ಬನಾದ ಜೇಮ್ಸ್ ಬ್ರೈನ್, ತನ್ನೊಡನೆ ಶಿಕ್ಷೆಯುಂಡ ಥಾಮಸ್ ಸ್ಟ್ಯಾಂಡ್‌ಫೀಲ್ಡನ ಮಗಳು ಎಲಿಜಬೆತ್ತಳ ಕೈಹಿಡಿದದ್ದು ಈ ದಿಮ್ಮಿಗಳ ನಡುವೆಯೇ. ಊರಿನ ಪಾದ್ರಿಗೆ ಮಾತ್ರ ಈ ಹೊಸ ಒಕ್ಕಲುಗಳು ಹಿಡಿಸಲಿಲ್ಲ. ಕೆಲವೇ ವರ್ಷಗಳಲ್ಲಿ ದಂಪತಿಗಳು ಕೆನಡಕ್ಕೆ ಹೊರಟುಹೋದರು.