ಶವವಾಹನ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ

ಮೃತದೇಹವನ್ನು ಮನೆಯಿಂದಲೋ ಆಸ್ಪತ್ರೆಯಿಂದಲೋ ಮಸಣಕ್ಕೆ ಒಯ್ಯುವ ಸಾಧನ. ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳಲ್ಲಿ ಈ ಸಾಧನ ಹೆಗಲ ಮೇಲಿನ ಚಟ್ಟದಿಂದ ವ್ಯಾನಿಗೆ ಬಂದ ಬಗೆಯನ್ನೂ, ಹಳೆಯ ಶವವಾಹನಗಳನ್ನು ದುರಸ್ತಿ ಮಾಡಿ ಕಾಪಿಡುವ ಹವ್ಯಾಸಕ್ಕೆ ಇಲ್ಲಿರುವ ಅಡ್ಡಿಗಳನ್ನೂ ಮುಂದೆ ವಿವರಿಸಿದೆ.

ಚಟ್ಟವನ್ನು ಕೂಡಿಡುವ ವಸ್ತುವಾಗಿ ಯಾರೂ ಎಣಿಸಿದ್ದಿಲ್ಲ. ಸಾವಾದ ಮೇಲೆ ಮನೆಯ ಮುಂದೆ ಎರಡು ಬಿದಿರ ಗಳುಗಳಿಗೆ ಅಡ್ಡಪಟ್ಟಿ ಬಿಗಿದು, ಹುಲ್ಲು ಹಾಸಿ ಅದನ್ನು ಕಟ್ಟುತ್ತಾರೆ. ಸುಡುವ ಪದ್ಧತಿಯವರಲ್ಲಿ ಅದು ಚಿತೆಗೆ ಸೇರುತ್ತದೆ, ಹೂಳುವವರಲ್ಲಿ ಮಸಣದಲ್ಲೇ ಮುರಿದು ಬೀಳುತ್ತದೆ. ಮರಳಿ ಊರೊಳಗೆ ತರುವುದು ನಿಷಿದ್ಧ. ಲಿಂಗಾಯತರ ವಿಮಾನವೂ ಹೀಗೆ ಒಂದು ದಿನದ್ದೇ. ದೇಹವನ್ನು ಕುಳಿತ ಭಂಗಿಯಲ್ಲಿ ಬಿಗಿದು, ಬಾಳೆಕಂಬ, ಹೂವು, ಬಣ್ಣದ ಕಾಗದಗಳಿಂದ ಸಿಂಗರಿಸಿ ಹೊತ್ತು ಹೋಗುವ ಈ ಮಂಟಪದಲ್ಲಿ ಕುಶಲತೆ ಎಷ್ಟೇ ಇರಲಿ, ಸಮಾಧಿ ಮುಚ್ಚುವ ಹೊತ್ತಿಗೆ ಅದು ಕಳಚಿಹೋಗಿರುತ್ತದೆ. ಮುಸ್ಲಿಮರ ಜನಾಜಾ ಮಾತ್ರ ಇದಕ್ಕೆ ಅಪವಾದ. ಮರದ ಅಥವಾ ಲೋಹದ ಆ ಮಂಚ ಮಸೀದಿಯ ಸ್ವತ್ತು. ಕಬರಸ್ತಾನದಿಂದ ಹಿಂದಿರುಗಿ, ಮುಂದಿನ ಮನೆಯವರಿಗೂ ಅದೇ ಸಲ್ಲುತ್ತದೆ. ಮಲಿಕ್ ರಿಹಾನ್ ಗೋರಿ ಇರುವ, ಮೊಘಲರ ಕಾಲದಲ್ಲಿ ಸುಬಾದ ಕೇಂದ್ರವಾಗಿದ್ದ ಶಿರಾದಂಥ ಊರಿನಲ್ಲಿ ಹಳೆಯ ಶವಸಾಗಣೆಯ ಸಾಧನವನ್ನು ಹುಡುಕುವವರು ಮೊದಲು ನೋಡಬೇಕಾದದ್ದು ಮಸೀದಿಯ ಉಗ್ರಾಣವನ್ನೇ.

ಗ್ರಂಥಸ್ಥ ಚರಿತ್ರೆಯಲ್ಲಿ ಈ ವಿಷಯ ಅರಸರ ಸಾವಿನ ನೆಪದಲ್ಲಷ್ಟೇ ಇಣುಕುತ್ತದೆ. 1761ರಲ್ಲಿ ಶಿರಾವನ್ನು ಪಡೆದ ಹೈದರ್ ಅಲಿ 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಶಿಬಿರದಲ್ಲಿ ತೀರಿಕೊಂಡ. ಸುದ್ದಿ ಹರಡಿದರೆ ಸೈನ್ಯ ಚದುರೀತೆಂಬ ಭಯದಿಂದ ದೇಹವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವಂತೆ ಕಾವಲಿನೊಡನೆ ಕೋಲಾರಕ್ಕೆ ಕಳಿಸಿದರು. ಅಲ್ಲಿಂದ ಅದು ಶ್ರೀರಂಗಪಟ್ಟಣದ ಗುಂಬಜಿಗೆ ಹೋಯಿತು. ಶವವಾಹನವೆಂದು ಗೊತ್ತಾಗಬಾರದೆಂದೇ ಸಿದ್ಧಪಡಿಸಿದ ಶವವಾಹನ ಅದು.

ಮೋಟಾರು ಶವವಾಹನ ಮಾರಾಟಕ್ಕೆ ಬಂದದ್ದು ಅಮೆರಿಕದಲ್ಲಿ, 1909ರಲ್ಲಿ. ಸಿನ್ಸಿನಾಟಿಯ ಕ್ರೇನ್ ಅಂಡ್ ಬ್ರೀಡ್ ಕಂಪನಿ ಅದನ್ನು ತಯಾರಿಸಿತು. ಮುಂದೆ ಕ್ಯಾಡಿಲಾಕ್, ಪ್ಯಾಕರ್ಡ್ ಚಾಸಿಗಳ ಮೇಲೆ ಬಾಡಿ ಕಟ್ಟುವ ಪ್ರತ್ಯೇಕ ಉದ್ಯಮವೇ ಬೆಳೆಯಿತು. ಸಣ್ಣ ಊರುಗಳಲ್ಲಿ ಅಂತ್ಯಕ್ರಿಯೆ ನಡೆಸಿಕೊಡುವ ಸಂಸ್ಥೆಗಳೇ ರೋಗಿಗಳನ್ನೂ ಸಾಗಿಸುತ್ತಿದ್ದವು. ಒಂದೇ ಗಾಡಿ ಬೆಳಿಗ್ಗೆ ಆಂಬುಲೆನ್ಸ್, ಸಂಜೆ ಶವವಾಹನ. 1970ರ ದಶಕದಲ್ಲಿ ಆಂಬುಲೆನ್ಸ್‌ಗೆ ಸರ್ಕಾರಿ ಮಾನದಂಡಗಳು ಬಂದು ಈ ಜೋಡಿ ಮುರಿಯಿತು. ಬಳಕೆಯಿಂದ ಬಿದ್ದ ಗಾಡಿಗಳು ಹವ್ಯಾಸಿಗಳ ಗ್ಯಾರೇಜು ಸೇರಿದವು, 1976ರಲ್ಲಿ ಅವರ ಪ್ರೊಫೆಷನಲ್ ಕಾರ್ ಸೊಸೈಟಿ ಹುಟ್ಟಿತು. ಬಾರ್ಸಿಲೋನಾದ ಮೊಂಜುಯಿಕ್ ಮಸಣದಲ್ಲಿ ಕುದುರೆ ಸಾರೋಟುಗಳಿಂದ ಹಿಡಿದು ಮೋಟಾರುಗಳವರೆಗಿನ ಸಂಗ್ರಹವಿದೆ. ಇವೆಲ್ಲಕ್ಕೂ ಆಧಾರ ಒಂದೇ: ಶವವಾಹನವೆಂದೇ ವಿನ್ಯಾಸಗೊಂಡು, ಕಾರ್ಖಾನೆಯ ಫಲಕ ಹೊತ್ತು ಬಂದ, ಬಾಳಿಕೆಯ ಗಾಡಿ.

ಭಾರತದಲ್ಲಿ ಉಳಿಸಿಕೊಂಡ ಉದಾಹರಣೆಗಳು ರಾಷ್ಟ್ರನಾಯಕರ ಸಾವಿಗೆ ಅಂಟಿಕೊಂಡಿವೆ, ಅವುಗಳ ದಾಖಲೆಯಲ್ಲೂ ಗೊಂದಲವಿದೆ. 1997ರಲ್ಲಿ ಮದರ್ ತೆರೇಸಾ ಅವರ ದೇಹವನ್ನು ಒಯ್ದ ಫಿರಂಗಿ ಗಾಡಿಯೇ ಗಾಂಧಿ, ನೆಹರೂ ಅವರನ್ನೂ ಹೊತ್ತಿತ್ತೆಂದು ಪತ್ರಿಕೆಗಳು ಬರೆದವು, ಈಗಲೂ ಬರೆಯುತ್ತವೆ. ಆದರೆ 1948ರ ಜನವರಿ 31ರ ಗಾಂಧಿಯವರ ಅಂತಿಮ ಮೆರವಣಿಗೆಯ ಸಮಕಾಲೀನ ವರ್ಣನೆಗಳಲ್ಲಿ ಬರುವುದು ಸೇನೆಯ ವೆಪನ್ ಕ್ಯಾರಿಯರ್ ಮೋಟಾರು. ರಾತ್ರೋರಾತ್ರಿ ಅದಕ್ಕೆ ಎತ್ತರದ ವೇದಿಕೆ ಕೂರಿಸಲಾಯಿತು. ಇಂಜಿನ್ ಚಾಲೂ ಮಾಡದೆ ಮೂರೂ ಪಡೆಗಳ ಯೋಧರು ಹಗ್ಗ ಹಿಡಿದು ಎಳೆದರು. ಈ ಲೇಖನ ಸಮಕಾಲೀನ ವರ್ಣನೆಗಳನ್ನೇ ಒಪ್ಪುತ್ತದೆ. ಅದೇ ವರ್ಷದ ಫೆಬ್ರವರಿ 12ರಂದು ಚಿತಾಭಸ್ಮವನ್ನು ಸಂಗಮಕ್ಕೆ ಒಯ್ದ ಫೋರ್ಡ್ ವಿ-8 ಲಾರಿ ಅಲಹಾಬಾದ್ ಮ್ಯೂಸಿಯಂನಲ್ಲಿದೆ. ಇತ್ತ ಕರ್ನಾಟಕದಲ್ಲಿ ಧರ್ಮಸ್ಥಳದ ಸಂಗ್ರಹ, ಶ್ರೀರಂಗಪಟ್ಟಣದ ಬಳಿಯ ಪಯಣ ಮ್ಯೂಸಿಯಂ, ಬೆಂಗಳೂರಿನ ಹವ್ಯಾಸಿಗಳ ಕೂಟಗಳು ಹಳೆಯ ಮೋಟಾರುಗಳ ದುರಸ್ತಿಗೆ ಒಂದು ಪರಂಪರೆಯನ್ನೇ ಕಟ್ಟಿವೆ. ಅರಸರ, ಸಿರಿವಂತರ, ಪ್ರಸಿದ್ಧರ ಸ್ವಂತದ ಕಾರುಗಳೇ ಈ ಪರಂಪರೆಯ ಬಂಡವಾಳ.

ನಾಲ್ಕು ತಾಲ್ಲೂಕುಗಳಲ್ಲಿ ಹೆಗಲಿನಿಂದ ಚಕ್ರಕ್ಕೆ ದಾಟಿಸಿದ್ದು ದೊಡ್ಡ ಆಸ್ಪತ್ರೆಗಳ ದೂರ. ಮನೆಯಲ್ಲೇ ಸಾಯುತ್ತಿದ್ದವರು ತುಮಕೂರಿನಲ್ಲಿ, ಬೆಂಗಳೂರಿನಲ್ಲಿ ಸಾಯತೊಡಗಿದರು. ಕೊರಟಗೆರೆಯವರಿಗೆ ಜಿಲ್ಲಾಸ್ಪತ್ರೆ ಹತ್ತಿರ. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದಿಂದ ಅದು ನೂರು ಕಿಲೋಮೀಟರ್ ಆಸುಪಾಸು. ಮರಳಿ ತರುವ ಬಾಡಿಗೆಯನ್ನು ಮನೆಯವರೇ ಹೊಂದಿಸಬೇಕು. ಊರೊಳಗಿನ ಮೆರವಣಿಗೆಗೆ ಟ್ರಾಕ್ಟರ್ ಟ್ರೇಲರ್ ಬಂತು. ಬಾಳೆಕಂಬ, ಸೇವಂತಿಗೆ, ಫ್ಲೆಕ್ಸ್ ಕಟ್ಟಿದ ಟ್ರೇಲರಿನ ಮುಂದೆ ತಮಟೆ ಹಾಗೇ ಉಳಿಯಿತು. ಮಾರನೆಯ ದಿನ ಅದೇ ಟ್ರೇಲರ್ ಗೊಬ್ಬರ ಹೇರುತ್ತದೆ. 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನು ಮರುದಿನ ರುದ್ರಾಕ್ಷಿ ರಥದಲ್ಲಿ ಒಯ್ದದ್ದು ವಿಮಾನದ ಕಲ್ಪನೆಯೇ ಚಕ್ರ ತೊಟ್ಟ ಮಾದರಿ.

ಈ ಚರಿತ್ರೆಯ ತಿರುವು ಎನ್ನಬಹುದಾದ ಎರಡು ಘಟನೆಗಳು ಈಚಿನವು. 2017ರ ಫೆಬ್ರವರಿಯಲ್ಲಿ ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯಿಂದ ತಂದೆಯೊಬ್ಬ ಮಗಳ ದೇಹವನ್ನು ಮೊಪೆಡ್‌ನಲ್ಲಿ ಊರಿಗೆ ಒಯ್ದ. 2024ರ ಸೆಪ್ಟೆಂಬರಿನಲ್ಲಿ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಿಂದ ಇಬ್ಬರು ಮಕ್ಕಳು ತಂದೆಯ ದೇಹವನ್ನು ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋದರು. ಎರಡರ ವಿಡಿಯೊಗಳೂ ನಾಡೆಲ್ಲ ಹರಿದಾಡಿದವು. ವರದಿಗಳು ಇವನ್ನು ‘ಆಂಬುಲೆನ್ಸ್ ಸಿಗದ’ ಪ್ರಕರಣಗಳೆಂದು ಬರೆದವು. ಇಲ್ಲೇ ತೊಡಕಿರುವುದು. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ ಆರೋಗ್ಯ ಕವಚ 108 ತುರ್ತು ರೋಗಿಗಳಿಗಾಗಿ ಇರುವ ಸೇವೆ. ಶವಸಾಗಣೆ ಅದರ ಕೆಲಸವಲ್ಲ. ಅದು ಹೆಣ ಹೊತ್ತು ಹೋದಷ್ಟು ಹೊತ್ತು ಬದುಕಿರುವ ಇನ್ನೊಬ್ಬರಿಗೆ ಸಿಗದು. ಆ ಮನೆಯವರಿಗೆ ಬೇಕಿದ್ದದ್ದು ಶವವಾಹನ. 2016ರಲ್ಲಿ ಕಾಳಾಹಂಡಿಯ ಆದಿವಾಸಿಯೊಬ್ಬ ಹೆಂಡತಿಯ ದೇಹ ಹೊತ್ತು ನಡೆದ ದೃಶ್ಯ ಹೊರಬಿದ್ದಾಗ ಒಡಿಶಾ ಸರ್ಕಾರ ಮಹಾಪ್ರಯಾಣ ಎಂಬ ಉಚಿತ ಶವಸಾಗಣೆ ಯೋಜನೆಗೆ ಚಾಲನೆ ಕೊಟ್ಟಿತ್ತು. ಎರಡು ಅಗತ್ಯಗಳನ್ನು ಬೇರ್ಪಡಿಸಿ ನೋಡಿದ್ದು ಅದರ ವಿಶೇಷ. ನಡುವೆ ಬಂದ ಕೋವಿಡ್ ಹೆಗಲು ಕೊಡುವುದನ್ನೇ ಕೆಲಕಾಲ ನಿಲ್ಲಿಸಿ, ನಿಗದಿತ ಗಾಡಿಯಲ್ಲೇ ದೇಹ ಸಾಗಬೇಕೆಂಬ ಕಟ್ಟಳೆ ತಂದಿತು.

ಖಾಸಗಿ ಶವವಾಹನಗಳು ಬಹುಪಾಲು ಮಾರ್ಪಾಡಿನ ಗಾಡಿಗಳು. ಓಮ್ನಿ, ಮೆಟಡೋರ್, ಟೆಂಪೊ ಟ್ರಾವೆಲರ್‌ಗಳ ಹಿಂಸೀಟು ಕಿತ್ತು, ತಗಡಿನ ನೆಲ ಹಾಸಿ, ಸ್ಟ್ರೆಚರ್ ಜಾರುವ ಹಳಿ ಕೂರಿಸಿದರೆ ಗಾಡಿ ಸಿದ್ಧ. ಕೆಲವಕ್ಕೆ ಪಕ್ಕದ ಗಾಜನ್ನು ದೊಡ್ಡದು ಮಾಡಿ, ಫ್ರೀಜರ್ ಬಾಕ್ಸ್‌ಗೆ ವಿದ್ಯುತ್ ಸಂಪರ್ಕವನ್ನೂ ಕೊಡುತ್ತಾರೆ. ಮಾರುವಾಗ ಸೀಟು ಮತ್ತೆ ಬರುತ್ತದೆ, ಬೋರ್ಡು ಅಳಿಯುತ್ತದೆ. ಹೆಣ ಹೊತ್ತ ಗಾಡಿಯೆಂದರೆ ಕೊಳ್ಳುವವರು ಬೆಲೆ ಇಳಿಸುವುದರಿಂದ ಗುರುತು ಅಳಿಸುವುದೇ ಲಾಭ.

ಸಂಗ್ರಾಹಕರಿಗೆ ಕಾನೂನೂ ಒತ್ತಾಸೆಯಾಗಿಲ್ಲ. 2021ರ ಜುಲೈನ ಕೇಂದ್ರ ನಿಯಮದಂತೆ ವಿಂಟೇಜ್ ಮನ್ನಣೆಗೆ ವಾಹನಕ್ಕೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಸಂಖ್ಯೆಯಲ್ಲಿ ‘ವಿಎ’ ಗುರುತು. ಇನ್ನೊಂದೆಡೆ 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗಿ ಅವು ಗುಜರಿಗೆ ಹೋಗುತ್ತವೆ. ಅಂದರೆ ಸರ್ಕಾರಿ ಆಸ್ಪತ್ರೆಯ ಅಥವಾ ಪುರಸಭೆಯ ಶವವಾಹನ 50 ಮುಟ್ಟುವ ಮಾತೇ ಇಲ್ಲ. ಖಾಸಗಿಯವರದು ಮುಟ್ಟಿದರೂ, ಅದನ್ನು ಶವವಾಹನವಾಗಿಸಿದ ಮಾರ್ಪಾಡೇ ಅದರ ಅರ್ಹತೆಯನ್ನು ಕಳೆಯಬಹುದು. ಹಾಗೆಂದು ಮೂಲರೂಪಕ್ಕೆ ತಂದರೆ ಉಳಿಯುವುದು ಹಳೆಯದೊಂದು ವ್ಯಾನು ಮಾತ್ರ.

ಗಾಡಿಗಳು ಹೋದರೂ ಅವುಗಳ ಜಾಡು ಸಾರಿಗೆ ಇಲಾಖೆಯ ಕಡತಗಳಲ್ಲಿ ಸಿಗಬಹುದು. ವಾಹನ ನೋಂದಣಿಯ ‘ವಾಹನ್’ ದತ್ತಾಂಶದಲ್ಲಿ ಆಂಬುಲೆನ್ಸ್‌ದೇ ಒಂದು ವರ್ಗ, ಶವವಾಹನದ್ದೇ ಇನ್ನೊಂದು. ಮಧುಗಿರಿಯ ಕೆಎ-64 ಸರಣಿಯನ್ನೂ, ಅದಕ್ಕೂ ಹಳೆಯ ಗಾಡಿಗಳಿಗೆ ತುಮಕೂರಿನ ಕೆಎ-06 ಸರಣಿಯನ್ನೂ ಈ ವರ್ಗದಡಿ ಸೋಸಿದರೆ ಯಾವ ಕಂಪನಿಯ, ಯಾವ ವರ್ಷದ ಗಾಡಿಗಳು ಶವವಾಹನವಾಗಿ ನೋಂದಣಿಯಾದವೆಂಬ ಪಟ್ಟಿ ತಯಾರಾಗುತ್ತದೆ. ಆಂಬುಲೆನ್ಸ್ ಅಥವಾ ಸರಕು ವಾಹನದ ಹೆಸರಿನಲ್ಲೇ ಉಳಿದು ಹೆಣ ಸಾಗಿಸಿದವು ಮಾತ್ರ ಆ ಪಟ್ಟಿಯ ಹೊರಗೇ ಉಳಿಯುತ್ತವೆ.