ಮಗುವಿನ ಬೆನ್ನಿನ ಹೊರೆ: ಸಂಸತ್ತಿನಿಂದ ನಮ್ಮೂರ ಶಾಲೆವರೆಗೆ

ಶಾಲಾ ಬ್ಯಾಗಿನ ಭಾರದ ಬಗ್ಗೆ ದೇಶಕ್ಕೇ ಕೇಳಿಸುವಂತೆ ಮಾತಾಡಿದವರು ನಮ್ಮ ಪಕ್ಕದ ಮೈಸೂರಿನವರು. 'ಮಾಲ್ಗುಡಿ ಡೇಸ್' ಬರೆದ ಆರ್.ಕೆ. ನಾರಾಯಣ್. 1989ರಲ್ಲಿ ರಾಜ್ಯಸಭೆಯಲ್ಲಿ ತಮ್ಮ ಮೊದಲ ಭಾಷಣಕ್ಕೆ ಅವರು ಆರಿಸಿಕೊಂಡದ್ದು ಇದೇ ವಿಷಯ. ದಿನಾ ಭಾರ ಹೊತ್ತು ಮಕ್ಕಳು ಬೆನ್ನು ಬಾಗಿ, ಕೈ ಮುಂದಕ್ಕೆ ಜೋತುಬಿಟ್ಟು ಚಿಂಪಾಂಜಿಯಂತೆ ನಡೆಯುತ್ತಿದ್ದಾರೆ ಎಂದು ಅವರು ನೊಂದುಕೊಂಡರು.

1992ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಯಶಪಾಲ್ ಅವರ ಸಮಿತಿ ನೇಮಿಸಿತು. 1993ರಲ್ಲಿ ವರದಿ ಬಂತು. ಬ್ಯಾಗಿನ ಭಾರಕ್ಕಿಂತ ಅರ್ಥವಾಗದ ಪಾಠದ ಭಾರ ದೊಡ್ಡದು ಎಂದಿತು ಆ ವರದಿ.

ನಮ್ಮ ರಾಜ್ಯದಲ್ಲಿ ತೂಕದ ಲೆಕ್ಕ ಸುತ್ತೋಲೆಯಾಗಿ ಬಂದದ್ದು 2019ರಲ್ಲಿ. 1-2ನೇ ತರಗತಿಗೆ ಹೆಚ್ಚೆಂದರೆ 2 ಕೆ.ಜಿ., 3ರಿಂದ 5ಕ್ಕೆ 3, 6ರಿಂದ 8ಕ್ಕೆ 4, 9-10ಕ್ಕೆ 5 ಕೆ.ಜಿ. ತಿಂಗಳ ಮೂರನೇ ಶನಿವಾರ ಬ್ಯಾಗೇ ಬೇಡ. 2020ರ ಕೇಂದ್ರದ ನೀತಿ, ಬ್ಯಾಗು ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು ಎಂದಿತು. 20 ಕೆ.ಜಿ. ಮಗುವಿಗೆ 2 ಕೆ.ಜಿ.

ಯಾಕೆ ಈ ಲೆಕ್ಕ? ಭಾರ ಹಿಂದಕ್ಕೆ ಎಳೆದಾಗ ಮಗು ಮುಂದಕ್ಕೆ ಬಾಗುತ್ತದೆ, ಕತ್ತು ಚಾಚುತ್ತದೆ. ಒಂದೇ ಹೆಗಲಿಗೆ ಹಾಕಿದರೆ ಮೈ ಒಂದು ಕಡೆ ವಾಲುತ್ತದೆ. ಮದ್ದೂರು, ಮಳವಳ್ಳಿ ಕಡೆ ತುಂಬಿದ ಬಸ್ಸಲ್ಲಿ ನಿಂತು ಹೋಗುವ ಮಕ್ಕಳಿಗೆ ಈ ಕಷ್ಟ ಇನ್ನೂ ಜಾಸ್ತಿ.

ಆದೇಶ ಬಂದರೂ ಬ್ಯಾಗು ತೂಗುವವರು ಬೇಕಲ್ಲ? ರೇಷನ್ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ಇಟ್ಟು ನೋಡಿ. ಆ ದಿನದ ಪುಸ್ತಕವಷ್ಟೇ ಇರಲಿ. ಎರಡೂ ಪಟ್ಟಿ ಹೆಗಲಿಗಿರಲಿ, ದಪ್ಪ ಪುಸ್ತಕ ಬೆನ್ನಿಗೆ ಒತ್ತಿಕೊಂಡಿರಲಿ. ಭಾರ ಜಾಸ್ತಿ ಬಂದರೆ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ.