ವಸಿಯತ್‌ನಾಮೆಯಿಂದ ವಾಟ್ಸ್‌ಆ್ಯಪ್‌ವರೆಗೆ

ಮದೀನಾದ ಶೇಖ್ ಅಹ್ಮದರ ಹೆಸರಿನ ಕರಪತ್ರವನ್ನು ಒಮ್ಮೆಯೂ ಕಾಣದ ಮುಸ್ಲಿಂ ಮನೆ ನಮ್ಮ ಮೈಸೂರು ಸೀಮೆಯಲ್ಲಿ ಬಹಳ ಇರಲಾರದು. ಪ್ರವಾದಿಯವರ ಗೋರಿಯ ಸೇವಕರಾದ ಶೇಖ್ ಅಹ್ಮದ್ ಎಂಬವರಿಗೆ ಕನಸು ಬಿತ್ತಂತೆ. ಪ್ರವಾದಿಯವರು ಸಮುದಾಯದ ನಡತೆ ಕಂಡು ನೊಂದುಕೊಂಡರಂತೆ, ಕಿಯಾಮತ್ ಹತ್ತಿರವಾಗಿದೆಯಂತೆ. ಇಷ್ಟು ಹೇಳಿದ ಮೇಲೆ ನಿಜವಾದ ವಿಷಯ ಬರುತ್ತದೆ: ಇದನ್ನು ಓದಿದವರು ಇಂತಿಷ್ಟು ಪ್ರತಿ ಮಾಡಿ ಹಂಚಬೇಕು. ಹಂಚಿದ ವ್ಯಾಪಾರಿಗೆ ಲಾಭವಾಯಿತು, ಸುಳ್ಳೆಂದವನ ಮಗ ತೀರಿಕೊಂಡ. ನಾನು ಉರ್ದು ಶಾಲೆಯಲ್ಲಿದ್ದಾಗ ಹುಡುಗರು ನೋಟ್‌ಬುಕ್ಕಿನ ನಡುಹಾಳೆ ಕಿತ್ತು ಈ ವಸಿಯತ್‌ನಾಮೆಯನ್ನು ಬೆರಳು ನೋಯುವಷ್ಟು ಬರೆಯುತ್ತಿದ್ದರು. ಅದೇ ಕಾಲದಲ್ಲಿ ಪಕ್ಕದ ಬೀದಿಯ ಮನೆಗಳಿಗೆ ಸಂತೋಷಿ ಮಾತೆಯ ಹೆಸರಿನ ಪೋಸ್ಟ್‌ಕಾರ್ಡುಗಳು ಬರುತ್ತಿದ್ದವು. ಹೆಸರು ಬೇರೆ, ಶರತ್ತು ಒಂದೇ.

ಈ ಕರಪತ್ರದ ವಯಸ್ಸು ಕೇಳಿದರೆ ಆಶ್ಚರ್ಯವಾಗುತ್ತದೆ. ಡಚ್ ವಿದ್ವಾಂಸ ಸ್ನೂಕ್ ಹರ್ಗ್ರೋನ್ಯೆ 1884ರಲ್ಲೇ ಇದರ ಬಗ್ಗೆ ಪ್ರಬಂಧ ಬರೆದಿದ್ದರು. ಆಗಲೇ ಅದು ಇಂದಿನ ಇಂಡೋನೇಷ್ಯಾದ ದ್ವೀಪಗಳಲ್ಲಿ ತಿರುಗಾಡುತ್ತಿತ್ತು. ಇದು ಕಟ್ಟುಕಥೆಯೆಂದು ಸೌದಿ ಅರೇಬಿಯಾದ ಹಿರಿಯ ವಿದ್ವಾಂಸ ಶೇಖ್ ಇಬ್ನ್ ಬಾಝ್ ಬರೆದರೂ ಅದು ನಿಲ್ಲಲಿಲ್ಲ. ಲಿಥೋ ಮುದ್ರಣ, ಸೈಕ್ಲೋಸ್ಟೈಲ್, ಜೆರಾಕ್ಸ್ ಎಲ್ಲವನ್ನೂ ದಾಟಿ ಈಗ ಮೊಬೈಲಿನೊಳಗೆ ಬಂದು ಕೂತಿದೆ. ಶೇಖ್ ಅಹ್ಮದರಿಗೆ ಮಾತ್ರ ವಯಸ್ಸಾಗಿಲ್ಲ.

ಸಾಮಾಜಿಕ ಜಾಲತಾಣ ಬಂದ ಮೇಲೆ ಜನ ಸುಳ್ಳು ಹೇಳಲು ಕಲಿತರು ಎಂಬ ಮಾತನ್ನು ಆದ್ದರಿಂದಲೇ ನಾನು ಒಪ್ಪುವುದಿಲ್ಲ. ಹಾಗಾದರೆ ಹೊಸದೇನು? ಉರ್ದುವಿನಲ್ಲಿ ಗಾಳಿಸುದ್ದಿಗೆ ‘ಅಫ್ವಾ’ ಎನ್ನುತ್ತಾರೆ. ಅರಬ್ಬಿಯಲ್ಲಿ ಆ ಪದದ ಅರ್ಥ ‘ಬಾಯಿಗಳು’. ಕನ್ನಡ ಅದನ್ನು ಗಾಳಿಯೆಂದು ಕರೆದರೆ ಅರಬ್ಬಿ ಬಾಯಿಯೆಂದು ಕರೆಯಿತು. ಬಾಯಿಯಿದ್ದರೆ ಮುಖವೂ ಇರಬೇಕು. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯ ನಮ್ಮ ಕಡಕೊಳದಲ್ಲಿ ಮೊದಲೆಲ್ಲ ಸುದ್ದಿ ರೈಲಿನಲ್ಲಿ ಬರುತ್ತಿತ್ತು, ಬಸ್ಸಿನಲ್ಲಿ ಬರುತ್ತಿತ್ತು, ಸಂತೆಯಿಂದ ಬರುತ್ತಿತ್ತು. ತಂದವನನ್ನು “ನಿನಗ್ಯಾರಯ್ಯ ಹೇಳಿದ್ದು?” ಎಂದು ಕೇಳಬಹುದಿತ್ತು. ಅವನು ಹಿಂದೆಯೂ ಬುರುಡೆ ಬಿಟ್ಟವನೇ ಎಂಬುದು ಹೋಟೆಲಿನ ಬೆಂಚಿಗೆಲ್ಲ ಗೊತ್ತಿರುತ್ತಿತ್ತು. ಹದೀಸ್ ಸಂಗ್ರಹಕಾರರು ಮಾಡಿದ್ದು ಇದೇ ಕೆಲಸವನ್ನು, ಇನ್ನೂ ಬಿಗಿಯಾಗಿ. ಯಾರಿಂದ ಯಾರು ಕೇಳಿದರು ಎಂಬ ಸರಪಳಿ ‘ಇಸ್ನಾದ್’ ಇಲ್ಲದ ಮಾತಿಗೆ ಅವರಲ್ಲಿ ಬೆಲೆಯಿರಲಿಲ್ಲ.

ಮೈಸೂರಿಗೆ ಈ ವಿಷಯದಲ್ಲಿ ಒಂದು ಹಿರಿಮೆಯಿದೆ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಅಲ್ಲಿಂದ. ಸರ್ಕಾರವಲ್ಲದ ಒಬ್ಬ ಸಾಮಾನ್ಯ ಮೇಷ್ಟರು ಮನೆಯಲ್ಲಿ ಕೂತು ಊರಿಗೆಲ್ಲ ಮಾತಾಡಿದ ಪ್ರಸಂಗ ಅದು. ಆದರೆ ಆ ದನಿ ಯಾರದೆಂದು ಕೇಳುವವರಿಗೆ ತಿಳಿದಿತ್ತು.

ಅದೇ 1935ರಲ್ಲಿ ಇನ್ನೊಬ್ಬ ಭಾರತೀಯ ಮನಃಶಾಸ್ತ್ರಜ್ಞ, ಪಾಟ್ನಾದ ಜಮುನಾ ಪ್ರಸಾದ್, 1934ರ ಜನವರಿಯ ಬಿಹಾರ ಭೂಕಂಪದ ನಂತರ ಹಬ್ಬಿದ ಗಾಳಿಸುದ್ದಿಗಳ ಅಧ್ಯಯನವನ್ನು ಪ್ರಕಟಿಸಿದರು. ಭೂಮಿ ನಡುಗಿದ್ದನ್ನು ಅನುಭವಿಸಿಯೂ ಮನೆ ಬೀಳದೆ ಉಳಿದವರ ನಡುವೆ ‘ಇನ್ನೂ ದೊಡ್ಡ ಅನಾಹುತ ಬರಲಿದೆ’ ಎಂಬ ಸುದ್ದಿ ಜೋರಾಗಿ ಹರಡಿತ್ತು. ಇದನ್ನೋದಿದ ಅಮೆರಿಕದ ಲಿಯಾನ್ ಫೆಸ್ಟಿಂಗರ್ ಮುಂದೆ ಒಂದು ವಿವರಣೆ ಕೊಟ್ಟರು: ಅವರು ಆಗಲೇ ಹೆದರಿದ್ದರು, ಆದರೆ ಸುತ್ತ ನೋಡಿದರೆ ಹೆದರಲು ಕಾರಣ ಕಾಣುತ್ತಿರಲಿಲ್ಲ. ಸುದ್ದಿ ಆ ಕಾರಣವನ್ನು ಒದಗಿಸಿತು. ಅಂದರೆ ಸುದ್ದಿಯಿಂದ ಭಯ ಹುಟ್ಟಲಿಲ್ಲ, ಭಯವೇ ಸುದ್ದಿಯನ್ನು ಹುಡುಕಿಕೊಂಡಿತು.

2012ರ ಆಗಸ್ಟ್ ತಿಂಗಳನ್ನು ನೆನೆದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಸುತ್ತ ಬೋಡೊಗಳಿಗೂ ಮುಸ್ಲಿಮರಿಗೂ ಹಿಂಸಾಚಾರ ನಡೆದಿತ್ತು. ರಂಜಾನ್ ಮುಗಿಯುತ್ತಲೇ ಕರ್ನಾಟಕದಲ್ಲಿರುವ ಈಶಾನ್ಯದವರ ಮೇಲೆ ಮುಸ್ಲಿಮರು ದಾಳಿ ಮಾಡುತ್ತಾರೆ ಎಂಬ ಎಸ್ಸೆಮ್ಮೆಸ್‌ಗಳು ಹರಿದಾಡಿದವು. ಆಗಸ್ಟ್ 14ರಂದು ಮೈಸೂರಿನಲ್ಲಿ ಒಬ್ಬ ಟಿಬೆಟನ್ ಯುವಕನಿಗೆ ಇರಿತವಾಯಿತು. ಮರುದಿನ ಸ್ವಾತಂತ್ರ್ಯ ದಿನ. ಬೆಂಗಳೂರಿನ ರೈಲು ನಿಲ್ದಾಣ ಗುವಾಹಟಿಗೆ ಹೊರಟವರಿಂದ ತುಂಬಿತು, ವಿಶೇಷ ರೈಲು ಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಹೊರಟುಹೋದರು: ಸೆಕ್ಯುರಿಟಿ ಗಾರ್ಡುಗಳು, ಬ್ಯೂಟಿ ಪಾರ್ಲರಿನ ಹುಡುಗಿಯರು, ವಿದ್ಯಾರ್ಥಿಗಳು. ಗೃಹ ಸಚಿವರೇ ನಿಲ್ದಾಣಕ್ಕೆ ಹೋಗಿ ಬೇಡಿಕೊಂಡರೂ ಬಹಳ ಮಂದಿ ನಿಲ್ಲಲಿಲ್ಲ. ಕೇಂದ್ರ ಸರ್ಕಾರ ಒಂದು ಬಾರಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಹದಿನೈದು ದಿನ ನಿರ್ಬಂಧ ಹಾಕಿತು. ಮುಸ್ಲಿಂ ಮುಖಂಡರು ಈಶಾನ್ಯದವರನ್ನು ಭೇಟಿಯಾಗಿ ಭರವಸೆ ಕೊಟ್ಟರು. ಅದು ಒಳ್ಳೆಯ ಕೆಲಸವೇ. ಆದರೆ ಯಾರೂ ಹೊಡೆಯಲು ಹೊರಡದ ಊರಿನಲ್ಲಿ ‘ನಾವು ಹೊಡೆಯುವುದಿಲ್ಲ’ ಎಂದು ಹೇಳಿಕೊಳ್ಳಬೇಕಾದ ಅವಮಾನವನ್ನು ಏನೆನ್ನೋಣ?

ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಅದೇ ದಿನಗಳಲ್ಲಿ ನಮ್ಮವರ ಮೊಬೈಲುಗಳಲ್ಲಿ ಬರ್ಮಾದ ಮುಸ್ಲಿಮರ ಹತ್ಯೆಯೆಂದು ಒಂದು ಚಿತ್ರ ಓಡಾಡುತ್ತಿತ್ತು. ಸಾಲು ಹೆಣಗಳು, ನಡುವೆ ಕೆಂಪು ಬಟ್ಟೆಯ ಬೌದ್ಧ ಭಿಕ್ಷುಗಳು. ಅದು 2010ರಲ್ಲಿ ಟಿಬೆಟನ್ನರ ಸೀಮೆಯಲ್ಲಾದ ಭೂಕಂಪದ ಚಿತ್ರ. ಭಿಕ್ಷುಗಳು ಅಲ್ಲಿಗೆ ಹೋಗಿದ್ದು ಸತ್ತವರ ಅಂತ್ಯಸಂಸ್ಕಾರಕ್ಕೆ. ಬರ್ಮಾದಲ್ಲಿ ರೋಹಿಂಗ್ಯಾಗಳ ಮೇಲೆ ದೌರ್ಜನ್ಯ ನಡೆದದ್ದು ನಿಜ, ಆ ಚಿತ್ರ ಮಾತ್ರ ಸುಳ್ಳು. ಅಸ್ಸಾಂ ಮತ್ತು ಬರ್ಮಾದ ಹಿಂಸೆಯನ್ನು ಖಂಡಿಸಲು ಆಗಸ್ಟ್ 11ರಂದು ಮುಂಬಯಿಯ ಆಜಾದ್ ಮೈದಾನದಲ್ಲಿ ಸೇರಿದ ಸಭೆ ಗಲಭೆಯಾಗಿ ಇಬ್ಬರು ಸತ್ತರು. ಒಂದು ಸುಳ್ಳಿನ ಬಲಿಪಶುಗಳಾದ ನಾವು ಇನ್ನೊಂದು ಸುಳ್ಳಿನ ಅಂಚೆಯವರೂ ಆಗಿದ್ದೆವು.

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಕೈಯಲ್ಲಿ ಬರೆಯುವ ಶ್ರಮವೂ, ಎಸ್ಸೆಮ್ಮೆಸ್ಸಿನ ಕಾಸೂ ಉಳಿಯಲಿಲ್ಲ. ನೋಟ್‌ಬುಕ್ಕಿನ ಹುಡುಗರಿಗೆ ಮೂರನೆಯ ಪ್ರತಿಯ ಹೊತ್ತಿಗಾದರೂ ‘ಇದೇನು ಹುಚ್ಚು’ ಅನಿಸುತ್ತಿತ್ತು. ಬೆರಳು ನೋಯದ ಕಡೆ ಆ ಅನುಮಾನಕ್ಕೆ ಪುರಸೊತ್ತಿಲ್ಲ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರ ಗಾಳಿಸುದ್ದಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಕೂಲಿಕಾರ ಬಲಿಯಾದ. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹಂಡಿಕೇರಾ ಎಂಬಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಗುಂಪಿನ ಮೇಲೆ ಅನುಮಾನ ಹುಟ್ಟಿತು. ಅವರ ಕಾರು ಮುರ್ಕಿ ಮುಟ್ಟುವ ಮೊದಲೇ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅಲ್ಲಿಗೆ ತಲುಪಿತ್ತು. ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನನ್ನು ಜನ ಹೊಡೆದು ಕೊಂದರು. ಅತಿಥಿಗಿಂತ ಮುಂಚೆ ಅವನ ಮೇಲಿನ ಆರೋಪ ಊರು ತಲುಪುವುದು ಹಿಂದೆ ಸಾಧ್ಯವಿತ್ತೇ? ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿ ‘ಫಾರ್ವರ್ಡೆಡ್’ ಎಂಬ ಗುರುತನ್ನು ಸೇರಿಸಿತು, ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಕಳಿಸುವ ಮಿತಿ ಘೋಷಿಸಿತು. ಈ ಗುರುತು ಸುದ್ದಿಗೆ ಸರಪಳಿ ಇದೆಯೆಂದಷ್ಟೇ ಹೇಳುತ್ತದೆ. ಕೊಂಡಿಗಳಲ್ಲಿ ಯಾರಿದ್ದಾರೆಂದು ಹೇಳುವುದಿಲ್ಲ.

ಇಷ್ಟಾದರೂ ಮೊಬೈಲನ್ನು ಬಾವಿಗೆ ಎಸೆಯಿರಿ ಎನ್ನುವವರ ಸಾಲಿಗೆ ನಾನು ಸೇರಲಾರೆ. ಕೊಲ್ಲಿಯಲ್ಲಿ ದುಡಿಯುವ ಮಗನ ದನಿಯನ್ನು ಕ್ಯಾಸೆಟ್ಟಿನಲ್ಲಿ ತಿಂಗಳಿಗೊಮ್ಮೆ ಕೇಳುತ್ತಿದ್ದ ಅಮ್ಮಂದಿರು ಇಂದು ಅವನು ಉಣ್ಣುವ ತಟ್ಟೆಯನ್ನೇ ನೋಡುತ್ತಾರೆ. ಕಡಕೊಳದ ಕಾರ್ಖಾನೆಗಳಿಗೆ ದೂರದಿಂದ ಬಂದ ಹುಡುಗರು ಸಂಜೆ ಅಂಗಡಿಯ ಕಟ್ಟೆಯ ಮೇಲೆ ಕೂತು ತಮ್ಮ ಭಾಷೆಯಲ್ಲಿ ಮನೆಯವರೊಂದಿಗೆ ನಗುವುದನ್ನು ಕಂಡರೆ, ಅದನ್ನು ಕಸಿಯಲು ಯಾರಿಗೆ ಮನಸ್ಸಾದೀತು? ಮಯ್ಯತ್ತಿನ ಸುದ್ದಿ ಹೇಳಲು ಸೈಕಲ್ಲಿನಲ್ಲಿ ಊರೂರು ತಿರುಗುವುದೂ ತಪ್ಪಿದೆ.

2021ರ ಏಪ್ರಿಲ್, ಮೇ ತಿಂಗಳಲ್ಲಿ ಕೋವಿಡ್ಡಿನ ಎರಡನೇ ಅಲೆ ಬಡಿದಾಗ ಆಮ್ಲಜನಕ, ಹಾಸಿಗೆ, ಆಂಬುಲೆನ್ಸ್ ಎಲ್ಲವನ್ನೂ ಜನ ಇದೇ ಗುಂಪುಗಳಲ್ಲಿ ಹುಡುಕಿದರು. ಮೊದಲ ದಿನಗಳಲ್ಲಿ ಸತ್ತ ನಂಬರುಗಳು, ಖಾಲಿ ಸಿಲಿಂಡರಿನ ವಿಳಾಸಗಳೇ ಹೆಚ್ಚು. ಉಸಿರು ಕಟ್ಟಿದವರ ಮನೆಯವರು ಹತ್ತು ಕಡೆ ಫೋನ್ ಮಾಡಿ ಸೋಲುತ್ತಿದ್ದರು. ಆಮೇಲೆ ಯಾರೂ ಆಜ್ಞೆ ಮಾಡದೆ ಒಂದು ಕ್ರಮ ಬೆಳೆಯಿತು. ಸಂದೇಶದ ಕೊನೆಯಲ್ಲಿ ಕಳಿಸಿದವರ ಹೆಸರು, ತಾವೇ ವಿಚಾರಿಸಿದ ಹೊತ್ತು: ‘ಮಧ್ಯಾಹ್ನ 3.40ಕ್ಕೆ ಕೇಳಿದ್ದೇನೆ, ಎರಡು ಇವೆ’. ಸ್ವಲ್ಪ ಹೊತ್ತಿಗೆ ಅದೇ ಹೆಸರಿನಿಂದ ಇನ್ನೊಂದು: ‘ಮುಗಿದಿದೆ, ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ’.